ಹಪ್ಪಳದ ಜಾಹೀರಾತಿನ ಲೆಕ್ಕ

ಉಡುಪಿ ರಥಬೀದಿ ಹತ್ತಿರ ನಮ್ಮದೊಂದು ಹಲಸಿನ ಹಪ್ಪಳದ ಅಂಗಡಿ. ಏಪ್ರಿಲ್‌ನಲ್ಲಿ ಪೇಪರಿಗೆ ಜಾಹೀರಾತು ಕೊಟ್ಟೆವು. ಅಲ್ಲಿ ಲೆಕ್ಕ ಚದರ ಸೆಂಟಿಮೀಟರಿಗೆ. ಬೆಂಕಿಪೆಟ್ಟಿಗೆಯಷ್ಟು ಜಾಗಕ್ಕೆ, ಒಂದೇ ದಿನಕ್ಕೆ 3,200 ರೂಪಾಯಿ, ಮೇಲೆ ಶೇ. 5 ಜಿಎಸ್‌ಟಿ. ಅಮ್ಮ ಅದನ್ನು ಕತ್ತರಿಸಿ ಗಲ್ಲಾದ ಮೇಲೆ ಅಂಟಿಸಿದ್ದಾರೆ.

ಮೇ ತಿಂಗಳಲ್ಲಿ ಫೇಸ್‌ಬುಕ್. ದಿನಕ್ಕೆ 200ರಂತೆ ಹತ್ತು ದಿನ. ಅಲ್ಲಿ ಜಿಎಸ್‌ಟಿ ಶೇ. 18, ಬಿಲ್ ಬಂದ ಮೇಲೆಯೇ ಗೊತ್ತಾಗಿದ್ದು! ಮೊದಲೆರಡು ದಿನ ಊರು ಆರಿಸದೆ ಇಡೀ ದೇಶಕ್ಕೆ ಬಿಟ್ಟಿದ್ದೆ. ದೆಹಲಿಯಿಂದೆಲ್ಲ ಸುಮ್ನೆ ಲೈಕ್. ಆಮೇಲೆ ಉಡುಪಿ ಸುತ್ತಮುತ್ತ 25 ಕಿಲೋಮೀಟರಿಗೆ ಇಳಿಸಿದೆ. ಕೊಂಡವರು 20 ಮಂದಿ, ತಲೆಗೆ 118 ರೂಪಾಯಿ ಖರ್ಚು.

ಪೇಪರ್ ನೋಡಿ ಬಂದವರು ಎಂಟೇ ಮಂದಿ. ತಲೆಗೆ 420. ಜಾಸ್ತಿಯೇ ಅಲ್ವಾ? ಆದರೆ ಅವರಲ್ಲೊಬ್ಬರು ಮಗಳ ಮದುವೆಗೆ ಅಂತ 600 ಹಪ್ಪಳ ಒಯ್ದರು.