ನುಣ್ಣನೆಯ ಒಂದಿಷ್ಟು ನೆಲ

ಮಗಳ ಪ್ಯಾಂಟಿನ ಮೊಣಕಾಲಿಗೆ ಮೂರನೇ ಸಲ ತೇಪೆ ಹಾಕಿದ್ದು ಕಳೆದ ಮೇ ತಿಂಗಳಲ್ಲಿ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿದು ಬದುಕುವ ಸಾವಿರಾರು ಜನರಲ್ಲಿ ನಾನೂ ಒಬ್ಬಳು. ಬಟ್ಟೆ ನೋಡಿದರೆ ಹೇಗೆ ಹರಿಯಿತು ಅಂತ ಗೊತ್ತಾಗುತ್ತೆ. ಮೊಳೆಗೆ ಸಿಕ್ಕಿದ್ದರೆ ಸೀಳುತ್ತಿತ್ತು. ಇದು ಉಜ್ಜಿ ಹೋದದ್ದು. ಜೀನ್ಸಿನಲ್ಲಿ ಮೇಲೆ ನೀಲಿ ದಾರ, ಒಳಗೆ ಬಿಳಿ ದಾರ. ನೀಲಿಯೆಲ್ಲ ಸವೆದು ಬಿಳಿ ದಾರವಷ್ಟೇ ಉಳಿದಿತ್ತು, ಅದರ ಮೇಲೆ ಒಂದಿಷ್ಟು ರಕ್ತ.

"ಎಲ್ಲಿ ಬಿದ್ದೆ?" ಅಂದೆ.

"ಪಾರ್ಕ್ ಹತ್ರ, ಅಮ್ಮಾ. ಟೈಲ್ಸ್ ಸಂದಿಗೆ ವೀಲ್ ಸಿಕ್ತು."

ಅವಳಿಗೆ ಹದಿಮೂರು. ಬೆಂಗಳೂರಿನ ನನ್ನ ತಮ್ಮ ಒಂದು ಸ್ಕೇಟ್‌ಬೋರ್ಡ್ ತಂದುಕೊಟ್ಟಿದ್ದ, ನಿಂತು ಓಡಿಸುವ ನಾಲ್ಕು ವೀಲಿನ ಹಲಗೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಈ ಆಟ ಮೊದಲ ಸಲ ಸೇರಿತಲ್ವಾ, 2021ರಲ್ಲಿ. ಆಗ ಚಿನ್ನ ಗೆದ್ದ ಜಪಾನಿನ ಮೊಮಿಜಿ ನಿಶಿಯಾಗೂ ಹದಿಮೂರೇ ವರ್ಷ. ಬೆಳ್ಳಿ ಗೆದ್ದ ಬ್ರೆಜಿಲ್‌ನ ರೈಸಾ ಲಿಯಾಲ್‌ಗೂ ಅಷ್ಟೇ. ಆ ವಿಡಿಯೋ ನನ್ನ ಮಗಳು ಎಷ್ಟು ಸಲ ನೋಡಿದ್ದಾಳೋ ಲೆಕ್ಕವಿಲ್ಲ.

ಬೋರ್ಡ್ ಬಂತು, ಆಡಲು ಜಾಗ ಎಲ್ಲಿದೆ? ರಸ್ತೆಗೆ ಬಿಡುವ ಮಾತೇ ಇಲ್ಲ. ಲಾರಿ, ಆಟೋ, ಹಂಪು, ಸಾಲದ್ದಕ್ಕೆ ಕೆಂಪು ಧೂಳು. ಆ ಧೂಳು ಒಮ್ಮೆ ಬೇರಿಂಗ್ ಒಳಗೆ ಹೋಗಿ ಒಂದು ವೀಲು ತಿರುಗುವುದೇ ನಿಂತಿತ್ತು. ಮೋಟಾರ್ ವೈಂಡಿಂಗ್ ಅಂಗಡಿಗೆ ಒಯ್ದೆ. ಅಂಗಡಿಯವರು ಕೈಯಲ್ಲಿ ಹಿಡಿದು ನೋಡಿ, "ಇದು 608 ನಂಬರ್ ಬೇರಿಂಗ್ ಅಕ್ಕ, ಡ್ರಿಲ್ ಮಷಿನ್‌ಗೂ ಇದೇ ಹಾಕ್ತೀವಿ" ಅಂದರು. ಒಳಗಿನ ತೂತು 8 ಮಿಲಿಮೀಟರ್, ಹೊರಗಿನ ಅಳತೆ 22. ಒಂದು ವೀಲಿಗೆ ಎರಡು, ಬೋರ್ಡಿಗೆ ಎಂಟು. ಅಮೆರಿಕದಲ್ಲಿ ಹುಟ್ಟಿದ ಆಟದ ಸಾಮಾನು ನಮ್ಮ ಬೀದಿಯ ಅಂಗಡಿಯಲ್ಲೇ ಸಿಕ್ಕಿದ್ದು ನೋಡಿ ನನಗೆ ಬಹಳ ಖುಷಿಯಾಯಿತು.

ಆದರೆ ನೆಲ ಅಂಗಡಿಯಲ್ಲಿ ಸಿಗುವುದಿಲ್ಲ. ಆ ವೀಲುಗಳು ಗಟ್ಟಿ, ಸಣ್ಣವು. ಅಡ್ಡಳತೆ 5 ಸೆಂಟಿಮೀಟರ್‌ಗೆ ಸ್ವಲ್ಪ ಜಾಸ್ತಿ, ಅಷ್ಟೇ. ಕಡಲೆಕಾಳಿನಷ್ಟು ಕಲ್ಲು ಸಿಕ್ಕರೂ ಬೋರ್ಡ್ ಅಲ್ಲೇ ನಿಲ್ಲುತ್ತೆ, ಮೇಲಿದ್ದವರು ಮುಂದಕ್ಕೆ ಬೀಳುತ್ತಾರೆ. ಈಗ ಎಲ್ಲಿ ನೋಡಿದರೂ ಇಂಟರ್‌ಲಾಕ್ ಟೈಲ್ಸ್. ನೋಡೋಕೆ ಚೆಂದ, ಮಳೆ ನೀರೂ ಇಂಗುತ್ತೆ. ಆದರೆ ಗೇಣಿಗೊಂದು ಸಂದಿ.

ನಮ್ಮ ಬಡಾವಣೆಯ ಪಾರ್ಕಿನ ಮೂಲೆಯಲ್ಲಿ ಹಳೆಯ ಬ್ಯಾಸ್ಕೆಟ್‌ಬಾಲ್ ಕೋರ್ಟ್ ಒಂದಿದೆ. ರಿಂಗ್ ಯಾವಾಗಲೋ ಮುರಿದು ಹೋಗಿದೆ. ಸಿಮೆಂಟಿನ ನೆಲ ಮಾತ್ರ ಗಟ್ಟಿಯಾಗಿದೆ. ಅಲ್ಲಿ ಆಡಿದರೆ ವಾಚ್‌ಮನ್ ಓಡಿಸುತ್ತಿದ್ದರು. ವಾಕಿಂಗ್‌ಗೆ ಬರುವ ಹಿರಿಯರು ದೂರು ಕೊಟ್ಟಿದ್ದರಂತೆ.

ಆ ಭಾನುವಾರ ನಾನೇ ಜೊತೆಗೆ ಹೋದೆ. ಬೆಳಗ್ಗೆ ಆರು ಗಂಟೆ. ಮಗಳ ಕೈಯಲ್ಲಿ ಬೋರ್ಡ್, ನನ್ನ ಕೈಯಲ್ಲಿ ಪೊರಕೆ. ಕೋರ್ಟಿನ ತುಂಬ ಬೇವಿನ ಎಲೆ, ಮರಳು, ಗಾಜಿನ ಚೂರು. ಇಬ್ಬರೂ ಸೇರಿ ಗುಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ವಾಚ್‌ಮನ್ ಬಂದರು, ಏನೋ ಹೇಳಲು ಬಾಯಿ ತೆಗೆದರು, ಪೊರಕೆ ನೋಡಿ ಸುಮ್ಮನಾದರು.

ಮಗಳು ಶುರು ಮಾಡಿದಳು. ಹಿಂದಿನ ಕಾಲಿನಿಂದ ಬೋರ್ಡಿನ ಬಾಲ ಒತ್ತಿ, ಕೈ ಮುಟ್ಟಿಸದೆ ಬೋರ್ಡ್ ಸಮೇತ ಮೇಲೆ ಹಾರುವುದು. ಅದಕ್ಕೆ ಆಲಿ ಅನ್ನುತ್ತಾರೆ. ಪ್ರತಿ ಸಲ ಬಾಲ ನೆಲಕ್ಕೆ ಬಡಿದಾಗ 'ಠಪ್' ಅಂತ ಸದ್ದು. ಐದಾರು ಠಪ್ ಆಗುವಷ್ಟರಲ್ಲಿ ನಾಲ್ವರು ಹಿರಿಯರು ನಮ್ಮ ಮುಂದೆ ನಿಂತಿದ್ದರು.

ಅವರಲ್ಲಿ ಒಬ್ಬ ತಾತ, "ಏನಮ್ಮಾ, ನಾವು ನೆಮ್ಮದಿಯಿಂದ ನಡೀಬೇಕೋ ಬೇಡ್ವೋ?" ಅಂದರು. ಸಿಟ್ಟಿತ್ತು, ಆದರೆ ಅವರ ಮಾತಲ್ಲಿ ತಪ್ಪಿರಲಿಲ್ಲ. ಹೋದ ವಾರ ಬೋರ್ಡ್ ಕಾಲ ಕೆಳಗಿಂದ ಜಾರಿ, ಸೀದಾ ಅವರ ಪಾದದ ಹತ್ತಿರ ಬಂದಿತ್ತಂತೆ. "ಈ ವಯಸ್ಸಲ್ಲಿ ಬಿದ್ರೆ ಏಳೋರು ಯಾರು?"

ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಮಗಳು ಈ ವಿಷಯ ಹೇಳಿರಲಿಲ್ಲ. ಅವಳೇ ಮುಂದೆ ಹೋಗಿ, "ತಪ್ಪಾಯ್ತು ತಾತ" ಅಂದಳು. ನಾನೂ ಕ್ಷಮೆ ಕೇಳಿದೆ.

ಮಾತಾಡುತ್ತಾ ಕುಳಿತಾಗ ನಿಜವಾದ ತೊಡಕು ಗೊತ್ತಾಯಿತು. ಜಾಗ ಬೇಕಾದಷ್ಟಿದೆ. ಹೊತ್ತಿಗೆ ಬರ. ಮೇ ತಿಂಗಳಲ್ಲಿ ನಮ್ಮ ಊರಿನ ಬಿಸಿಲು ನಲವತ್ತು ಡಿಗ್ರಿ ದಾಟುತ್ತೆ. ತಣ್ಣಗಿರುವುದು ಬೆಳಗಿನ ಎರಡು ಮೂರು ತಾಸು ಮಾತ್ರ. ತಾತನಿಗೂ ಅದೇ ಬೇಕು, ಮಗಳಿಗೂ ಅದೇ ಬೇಕು, ಯೋಗ ಮಾಡುವ ಅಕ್ಕಂದಿರಿಗೂ ಅದೇ ಬೇಕು.

"ನಾವು ಏಳಕ್ಕೆಲ್ಲ ಹೊರಡ್ತೀವಿ" ಅಂದರು ಇನ್ನೊಬ್ಬರು. ಬೇವಿನ ಮರದ ನೆರಳು ಕೋರ್ಟಿನ ಮೇಲೆ ಎಂಟೂವರೆವರೆಗೂ ಇರುತ್ತೆ ಅಂತ ವಾಚ್‌ಮನ್ ಸೇರಿಸಿದರು. ಹಾಗೆ ಭಾನುವಾರ ಏಳರಿಂದ ಎಂಟೂವರೆ ಮಕ್ಕಳಿಗೆ ಅಂತ ಮಾತಾಯಿತು. ಕೋರ್ಟಿನ ದಾರಿ ಕಡೆ ಒಂದು ಹಗ್ಗ ಕಟ್ಟುವುದು, ಬೋರ್ಡ್ ಜಾರಿದರೂ ಆಚೆ ಹೋಗಬಾರದು. ಕಲ್ಲು ಬೆಂಚಿನ ಅಂಚಿನ ಮೇಲೆ ಬೋರ್ಡ್ ಉಜ್ಜಬಾರದು, ಅಂಚು ಒಡೆಯುತ್ತೆ. ಇದಕ್ಕೆ ಮಗಳ ಮುಖ ಸ್ವಲ್ಪ ಬಾಡಿತು. ಆದರೂ ಒಪ್ಪಿದಳು.

ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನ್ವಾರ್ ಎಂಬ ಹಳ್ಳಿಯ ಕಥೆ ಅವರಿಗೆ ಹೇಳಿದೆ. 2015ರಲ್ಲಿ ಅಲ್ಲಿ ಮಕ್ಕಳಿಗಾಗಿ ಸಿಮೆಂಟಿನ ಸ್ಕೇಟ್ ಪಾರ್ಕ್ ಆಯಿತು. ಶಾಲೆಗೆ ಹೋಗದಿದ್ದರೆ ಸ್ಕೇಟಿಂಗ್ ಇಲ್ಲ, ಹುಡುಗಿಯರಿಗೆ ಮೊದಲು ಅವಕಾಶ. ಈ ಎರಡೇ ನಿಯಮ. "ಹಳ್ಳಿಯಲ್ಲೇ?" ಅಂತ ತಾತ ಎರಡು ಸಲ ಕೇಳಿದರು.

ಮುಂದಿನ ಭಾನುವಾರ ಏಳು ಮಕ್ಕಳು ಬಂದರು. ಬೋರ್ಡ್ ಇದ್ದದ್ದು ಒಂದೇ. ಸಾಲಾಗಿ ನಿಂತು, ಒಬ್ಬೊಬ್ಬರು ಎರಡು ಸುತ್ತು. ನಾನು ಹಳೆಯ ಜೀನ್ಸ್ ತುಂಡುಗಳ ಒಳಗೆ ಫೋಮ್ ಇಟ್ಟು ಮೊಣಕಾಲಿಗೆ ಕಟ್ಟುವ ಪಟ್ಟಿ ಹೊಲಿದುಕೊಟ್ಟಿದ್ದೆ. ಅಂಗಡಿಯ ಪ್ಯಾಡಿನಷ್ಟು ಗಟ್ಟಿ ಅಲ್ಲ. ಕೆರೆದು ಗಾಯವಾಗುವುದನ್ನಷ್ಟೇ ತಪ್ಪಿಸುತ್ತೆ. ಹೆಲ್ಮೆಟ್ ಮಾತ್ರ ಕೊಂಡೇ ತಂದೆ, ಅದರಲ್ಲಿ ರಾಜಿಯಿಲ್ಲ.

ಹೀಗಿರುವಾಗ ಜುಲೈನಲ್ಲಿ ಇಬ್ಬರು ಟೇಪು ಹಿಡಿದು ಕೋರ್ಟ್ ಅಳೆಯುತ್ತಿದ್ದರು. ಪಾರ್ಕ್ ರಿಪೇರಿಯಂತೆ. ಕೋರ್ಟಿನ ಮೇಲೂ ಇಂಟರ್‌ಲಾಕ್ ಹಾಕುತ್ತಾರಂತೆ. ಆ ರಾತ್ರಿ ಮಗಳು ಊಟ ಮಾಡಲಿಲ್ಲ.

ಮಾರನೇ ದಿನ ನಾವಿಬ್ಬರೂ ಕೂತು ಮನವಿ ಬರೆದೆವು. ಲಂಡನ್ನಿನ ಥೇಮ್ಸ್ ನದಿ ಪಕ್ಕ ಸೌತ್‌ಬ್ಯಾಂಕ್ ಅಂತಿದೆ. ಅಲ್ಲಿ ಕಟ್ಟಡದ ಕೆಳಗಿನ ಖಾಲಿ ಜಾಗದಲ್ಲಿ 1970ರ ದಶಕದಿಂದ ಹುಡುಗರು ಸ್ಕೇಟಿಂಗ್ ಮಾಡುತ್ತಿದ್ದಾರೆ. ಅಲ್ಲಿ ಅಂಗಡಿ ಮಾಡಲು ಹೊರಟಾಗ ಜನ ಸಹಿ ಹಾಕಿ ಹಟ ಹಿಡಿದರು. 2014ರಲ್ಲಿ ಆ ಜಾಗ ಉಳಿಯಿತು. ಮಗಳು ಅದನ್ನೂ ಬರೆಯೋಣ ಅಂದಳು, ಬರೆದೆವು. ಕೇಳಿದ್ದು ಮಾತ್ರ ತುಂಬಾ ಸಣ್ಣದು: ಕೋರ್ಟಿಗೆ ಟೈಲ್ಸ್ ಬೇಡ, ಬಿರುಕು ಬಿಟ್ಟ ಕಡೆ ಸಿಮೆಂಟ್ ಹಾಕಿ ನುಣ್ಣಗೆ ಮಾಡಿಕೊಡಿ.

ಮೊದಲ ಸಹಿಗೆ ತಾತನ ಮನೆಗೇ ಹೋದೆವು. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ಇನ್ನೊಂದು ಸಾಲು ಸೇರಿಸಮ್ಮಾ" ಅಂದರು. "ಕೋರ್ಟ್ ಕಡೆ ಮುಖ ಮಾಡಿ, ಬೇವಿನ ಮರದ ಕೆಳಗೆ ಒಂದು ಬೆಂಚು. ನಾವೂ ಕೂತು ನೋಡಬೇಕಲ್ಲ."

ಮಗಳು ಅಲ್ಲೇ ನೆಲದ ಮೇಲೆ ಕೂತು, ಬೋರ್ಡನ್ನೇ ಮೇಜು ಮಾಡಿಕೊಂಡು, ಆ ಸಾಲು ಬರೆದಳು.