ಇರಲಿ ಬಿಡು

7 ಏಪ್ರಿಲ್ 2024, ಭಾನುವಾರ ರಾತ್ರಿ

ತಮ್ಮ ಫೋನ್ ಮಾಡಿ “ತಪ್ಪಾಯಿತು” ಎಂದದ್ದು ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರದ ರಾತ್ರಿ. ಇಂದಿಗೆ ಹತ್ತು ದಿನ. ನಾನು “ಇರಲಿ ಬಿಡು” ಎಂದಿದ್ದೆ. ಮಾತು ಅಲ್ಲಿಗೆ ಮುಗಿಯಿತು. ಮುಗಿಯಲೆಂದೇ ಹಾಗೆ ಹೇಳಿದ್ದೆ ಎಂಬುದು ನಿನ್ನೆಯವರೆಗೂ ನನಗೆ ಹೊಳೆದಿರಲಿಲ್ಲ.

ನಿನ್ನೆ ಸಂಜೆ ಪಾಪನಿವೇದನೆಗೆ, ಗುರುಗಳ ಮುಂದೆ ತಪ್ಪುಗಳನ್ನು ಒಪ್ಪಿಕೊಳ್ಳಲು, ಚರ್ಚಿಗೆ ಹೋಗಿದ್ದೆ. (ಅಲ್ಲಿ ಕೇಳಿದ್ದನ್ನು ಹೊರಗೆ ಆಡಬಾರದೆಂಬ ಕಟ್ಟಳೆ ಗುರುಗಳಿಗಿದೆ, ನನಗಿಲ್ಲ.) ಕೋಪ, ಅಸಹನೆ, ತಪ್ಪಿಸಿದ ಪ್ರಾರ್ಥನೆ ಎಂದು ಎಂದಿನ ಪಟ್ಟಿಯನ್ನು ಒಪ್ಪಿಸಿ, ಕೊನೆಗೆ, ತುಸು ಹೆಮ್ಮೆಯಿಂದಲೇ ಇರಬೇಕು, ತಮ್ಮನನ್ನು ಕ್ಷಮಿಸಿದ ಸಂಗತಿಯನ್ನೂ ಸೇರಿಸಿದೆ. ಜಾಲರಿಯ ಆಚೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ.

“ಅವರಿಗೆ ಏನೆಂದಿರಿ?”

“ಇರಲಿ ಬಿಡು ಎಂದೆ.”

“ಏನು ಇರಲಿ? ಏನನ್ನು ಬಿಡಬೇಕು?”

ನನಗೆ ಉತ್ತರ ಬರಲಿಲ್ಲ. ಅಪ್ಪ ಹಾಸಿಗೆ ಹಿಡಿದಿದ್ದ ಮೂರು ವರ್ಷಗಳಲ್ಲಿ ಅವನು ಒಮ್ಮೆಯೂ ಬಾರದಿದ್ದುದು, ರಾತ್ರಿಯೆಲ್ಲ ಅಪ್ಪನ ಮಗ್ಗುಲು ಬದಲಿಸುತ್ತ ನಾನೊಬ್ಬನೇ ಎದ್ದು ಕೂತದ್ದು, ಇವೆಲ್ಲದರ ಲೆಕ್ಕದಲ್ಲಿ ಒಂದು ಸಾಲನ್ನೂ ನಾನು ಅಳಿಸಿರಲಿಲ್ಲ. ಇರಲಿ ಎಂದದ್ದು ಆ ಲೆಕ್ಕಕ್ಕೆ. ಬಿಡು ಎಂದದ್ದು ಅವನ ಮಾತಿಗೆ.

ಲೂಕನ ಶುಭಸಂದೇಶದ 15ನೆಯ ಅಧ್ಯಾಯವನ್ನು 25ನೆಯ ವಚನದಿಂದ ಓದಬೇಕೆಂಬುದೇ ಪ್ರಾಯಶ್ಚಿತ್ತವಾಯಿತು. ಯೇಸು ಹೇಳಿದ ಕಥೆಯಲ್ಲಿ, ಮನೆ ಬಿಟ್ಟು ಹೋಗಿ ದಾರಿತಪ್ಪಿದ ಕಿರಿಯ ಮಗ ಮರಳಿ ಬಂದ ಮೇಲಿನ ಭಾಗವದು. ಹೊಲದಿಂದ ಬಂದ ಹಿರಿಯ ಮಗ ಹಾಡು ಕುಣಿತ ಕೇಳಿ ಸಿಟ್ಟಾಗಿ ಹೊರಗೇ ನಿಲ್ಲುತ್ತಾನೆ. ಇಷ್ಟು ವರ್ಷ ದುಡಿದವನಿಗೆ ಒಂದು ಆಡುಮರಿಯೂ ಸಿಗಲಿಲ್ಲವೆಂಬ ಅವನ ದೂರು ನನಗೆ ಇವತ್ತಿಗೂ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಅವನು “ನಿಮ್ಮ ಈ ಮಗ” ಎನ್ನುತ್ತಾನೆ, ಅಪ್ಪ “ನಿನ್ನ ಈ ತಮ್ಮ” ಎಂದು ತಿದ್ದುತ್ತಾನೆ. ಎಷ್ಟೋ ಸಲ ಓದಿದ್ದರೂ ಈ ತಿದ್ದುಪಡಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಕಿರಿಯವನಿಗಾಗಿ ಓಡಿದ ಅಪ್ಪ ಈ ಮುನಿದವನನ್ನು ಕರೆಯಲೂ ಹೊರಗೆ ಬಂದಿದ್ದ ಎಂಬುದೂ.

ಇಂದು ದೈವಿಕ ಕರುಣೆಯ ಭಾನುವಾರ. ಪಾಸ್ಖದ, ಅಂದರೆ ಈಸ್ಟರ್ ಕಾಲದ, ಎರಡನೆಯ ಭಾನುವಾರಕ್ಕೆ ಪೋಪ್ ಎರಡನೆಯ ಜಾನ್ ಪಾಲ್ ಈ ಹೆಸರನ್ನು ಕೊಟ್ಟದ್ದು 2000ದ ಏಪ್ರಿಲ್ 30ರಂದು, ಪೋಲೆಂಡಿನ ಸನ್ಯಾಸಿನಿ ಫೌಸ್ತಿನಾರನ್ನು ಸಂತಪದವಿಗೆ ಏರಿಸಿದ ದಿನ. 1931ರಲ್ಲಿ ಆಕೆ ಕಂಡ ದರ್ಶನದಂತೆ ಬರೆದ ಯೇಸುವಿನ ಚಿತ್ರವನ್ನು ಬೆಳಿಗ್ಗೆ ಪೀಠದ ಪಕ್ಕದಲ್ಲಿ ಇಟ್ಟಿದ್ದರು. ಎದೆಯಿಂದ ಹೊರಟ ಕೆಂಪು, ಬಿಳಿ ಕಿರಣಗಳನ್ನೇ ಎಲ್ಲರೂ ನೋಡುತ್ತಾರೆ. ನಾನು ಇಂದು ಪಾದಗಳನ್ನು ನೋಡುತ್ತಿದ್ದೆ. ಒಂದು ಪಾದ ಮುಂದಿದೆ. ಇವರೂ ಯಾರನ್ನೋ ಕರೆಯಲು ಹೊರಗೆ ಬಂದವರೇ.

ವಾಚನ ಯೊವಾನ್ನನ ಶುಭಸಂದೇಶದ 20ನೆಯ ಅಧ್ಯಾಯದ್ದು. ತಮ್ಮನ್ನು ಬಿಟ್ಟು ಓಡಿಹೋಗಿದ್ದ ಶಿಷ್ಯರ ನಡುವೆ ಬಂದು ನಿಂತ ಯೇಸು, ಏಕೆ ಓಡಿದಿರಿ ಎಂದು ಕೇಳದೆ, “ನಿಮಗೆ ಶಾಂತಿ” ಎನ್ನುತ್ತಾರೆ. ಪಾಪಗಳನ್ನು ಕ್ಷಮಿಸುವ ಅಧಿಕಾರವನ್ನು ಕೊಡುವುದೂ ಆ ಓಡಿಹೋದವರಿಗೇ. ಆಗ ನನಗೆ ಬಂದದ್ದು ಅಳುವಲ್ಲ, ನಗು. ಪಕ್ಕದಲ್ಲಿದ್ದವರು ತಿರುಗಿ ನೋಡಿದರು.

ಹಿರಿಯ ಮಗ ಕೊನೆಗೆ ಒಳಗೆ ಹೋದನೋ ಇಲ್ಲವೋ, ಲೂಕ ಬರೆದಿಲ್ಲ.

ಈಗ ಹತ್ತೂವರೆ. ತಮ್ಮ ಇನ್ನೂ ಎಚ್ಚರವಾಗಿಯೇ ಇರುತ್ತಾನೆ. ಆದರೆ ಅವತ್ತಿನ “ಇರಲಿ ಬಿಡು” ಎಂಬ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ ಎಂದು ಶುರುಮಾಡಿದರೆ ಅವನು ಹೆದರಿ ಫೋನನ್ನೇ ಇಟ್ಟುಬಿಡಬಹುದು, ಬೇರೆ ಹೇಗೆ ಶುರುಮಾಡುವುದು ಎಂದರೆ