ನಲವತ್ತು ಸೆಕೆಂಡಿನ ಓಟಕ್ಕೆ ಟೈರು ಆರಿಸುವಾಗ

ಇಂಗ್ಲೆಂಡಿನ ವೂಸ್ಟರ್‌ಶೈರ್‌ನಲ್ಲಿ ಟೈರು ಮಾರಿ ಜೋಡಿಸಿಕೊಡುವ ಕಾರ್ಯಾಗಾರವೊಂದರಲ್ಲಿ ನಾನು ಕೆಲಸ ಮಾಡುತ್ತೇನೆ. ವರ್ಷವಿಡೀ ನಮ್ಮಲ್ಲಿಗೆ ಬರುವವು ಹೆಚ್ಚಾಗಿ ಶಾಲೆ, ಕಚೇರಿ, ಅಂಗಡಿಗೆ ಓಡಾಡುವ ಕಾರುಗಳೇ. ಚಳಿಗಾಲ ಕಳೆಯುತ್ತಿದ್ದಂತೆ ಮಾತ್ರ ಇನ್ನೊಂದು ಬಗೆಯ ಗ್ರಾಹಕರು ಬರತೊಡಗುತ್ತಾರೆ: ವಾರದ ದಿನಗಳಲ್ಲಿ ಉದ್ಯೋಗ, ವಾರಾಂತ್ಯದಲ್ಲಿ ಹಿಲ್‌ಕ್ಲೈಂಬ್ ಅಥವಾ ಸ್ಪ್ರಿಂಟ್ ಎಂದು ಬದುಕುವ ಹವ್ಯಾಸಿ ಸ್ಪರ್ಧಿಗಳು. ಹಿಲ್‌ಕ್ಲೈಂಬ್ ಎಂದರೆ ಒಂದೊಂದೇ ಕಾರು ಗಡಿಯಾರದ ವಿರುದ್ಧ ಬೆಟ್ಟದ ಹಾದಿ ಏರುವ ಸ್ಪರ್ಧೆ; ಅಂಥದ್ದನ್ನೇ ಸಮತಟ್ಟಾದ ಹಾದಿಯಲ್ಲಿ ನಡೆಸಿದರೆ ಸ್ಪ್ರಿಂಟ್. ತಾವೇ ಓಡಿಸಿಕೊಂಡು ಹೋದ ಕಾರಿನಲ್ಲಿ ಸ್ಪರ್ಧಿಸಿ, ಅದೇ ಕಾರಿನಲ್ಲಿ ಮನೆಗೆ ಮರಳುವವರಾದ್ದರಿಂದ ಅವರಿಗೆ ರಸ್ತೆಯ ಕಾನೂನಿಗೂ ಸ್ಪರ್ಧೆಯ ನಿಯಮಕ್ಕೂ ಒಪ್ಪುವ ಟೈರು ಬೇಕು. ಅವರಲ್ಲಿ ಹೆಚ್ಚಿನವರು ಬಂದೊಡನೆ ಕೇಳುವುದು ಯಾವ ಟೈರಿನ ಹಿಡಿತ ಎಲ್ಲಕ್ಕಿಂತ ಹೆಚ್ಚು ಎಂದು. ಆ ಪ್ರಶ್ನೆಗೆ ಉತ್ತರಿಸುವ ಮೊದಲು ಟೈರು ಎಷ್ಟು ಹೊತ್ತು ದುಡಿಯಬೇಕು ಮತ್ತು ಎಷ್ಟು ತಣ್ಣಗಿರುವಾಗ ದುಡಿಯಬೇಕು ಎಂಬುದನ್ನು ಕೇಳಿ ತಿಳಿಯಬೇಕೆಂಬುದು ಈ ಕೆಲಸದಿಂದ ನನಗೆ ಬಂದ ತಿಳಿವಳಿಕೆ.

ನಮ್ಮ ಜಿಲ್ಲೆಯಲ್ಲೇ ಇರುವ ಶೆಲ್ಸ್‌ಲಿ ವಾಲ್ಶ್ ಬೆಟ್ಟದ ಹಾದಿಯನ್ನೇ ನೋಡಿ. 1905ರಿಂದ ಸ್ಪರ್ಧೆ ನಡೆಯುತ್ತಿರುವ ಈ ಹಾದಿಯ ಉದ್ದ ಕೇವಲ 1,000 ಗಜ, ಅಂದರೆ ಸುಮಾರು 914 ಮೀಟರ್. ಅಷ್ಟರಲ್ಲೇ ಅದು 100 ಮೀಟರಿನಷ್ಟು ಏರುತ್ತದೆ. ಚೆನ್ನಾಗಿ ಓಡಿಸುವ ಸಾಮಾನ್ಯ ಕಾರಿಗೆ ಇದು ನಲವತ್ತು ಸೆಕೆಂಡಿನ ಆಸುಪಾಸಿನ ಕೆಲಸ. ಗ್ಲಾಸ್ಟರ್‌ಶೈರ್‌ನಲ್ಲಿ ಬುಗಾಟಿ ಓನರ್ಸ್ ಕ್ಲಬ್ 1938ರಿಂದ ನಡೆಸುತ್ತಿರುವ ಪ್ರೆಸ್ಕಾಟ್‌ನ ಉದ್ದ 1,127 ಗಜ. ಯಾರ್ಕ್‌ಶೈರ್‌ನ ಹೇರ್‌ವುಡ್‌ನಂಥ ಉದ್ದದ ಹಾದಿಯೂ 1,584 ಗಜಕ್ಕೆ ಮುಗಿಯುತ್ತದೆ. ಒಂದು ಓಟಕ್ಕೂ ಇನ್ನೊಂದು ಓಟಕ್ಕೂ ನಡುವೆ ಕಾರು ಗಂಟೆಗಟ್ಟಲೆ ನಿಂತಿರುತ್ತದೆ. ಹೀಗಾಗಿ ಟೈರಿನ ಹೊರಮೈ ತುಸು ಬೆಚ್ಚಗಾಗುವ ಹೊತ್ತಿಗೆ ಓಟ ಮುಗಿದಿರುತ್ತದೆ. ಒಳಗಿನ ರಬ್ಬರಿಗೆ ಬಿಸಿ ತಟ್ಟುವುದೇ ಇಲ್ಲ.

ರೇಸ್ ಟ್ರ್ಯಾಕಿನಲ್ಲಿ ಇಪ್ಪತ್ತು ನಿಮಿಷ ಎಡೆಬಿಡದೆ ಓಡಿಸುವವರ ಲೆಕ್ಕಾಚಾರವೇ ಬೇರೆ. ಆ ಕೆಲಸಕ್ಕೆಂದು ತಯಾರಾದ ರಬ್ಬರು ಚೆನ್ನಾಗಿ ಕಾದ ಮೇಲಷ್ಟೇ ಮೆತ್ತಗಾಗಿ ರಸ್ತೆಯ ಸಣ್ಣ ಉಬ್ಬುತಗ್ಗುಗಳೊಳಗೆ ಇಳಿದು ಹಿಡಿಯುತ್ತದೆ. ಕಾಯುವ ಮುನ್ನ ಅದು ಗಡುಸಾಗಿ, ರಸ್ತೆಯ ಮೇಲೆ ಜಾರುತ್ತಿರುತ್ತದೆ. ಟ್ರ್ಯಾಕಿನಲ್ಲಿ ಹೆಸರು ಮಾಡಿದ ಟೈರನ್ನು ಬೆಟ್ಟಕ್ಕೆ ಕೊಂಡೊಯ್ದು ನಿರಾಶರಾದವರನ್ನು ಪ್ರತಿವರ್ಷ ಕಾಣುತ್ತೇನೆ. ನಮ್ಮ ಬಯಲುಸೀಮೆಯ ಏಪ್ರಿಲ್ ಬಿಸಿಲಿನ ಡಾಂಬರಿನ ಮೇಲೆ ಯಾವ ಟೈರೂ ತಣ್ಣಗಿರಲಾರದು. ಇಲ್ಲಿ ಅದೇ ಏಪ್ರಿಲ್‌ನ ಬೆಳಗ್ಗೆ ಮರಗಳ ನೆರಳಿನ ರಸ್ತೆ ಇಬ್ಬನಿಯಿಂದ ತೊಯ್ದು, ಒಂದಂಕಿಯ ಡಿಗ್ರಿಯಲ್ಲಿ ಕೊರೆಯುತ್ತಿರುತ್ತದೆ.

ಆಯ್ಕೆಯ ಮೊದಲ ಗಡಿಯನ್ನು ಹಾಕುವುದು ನಿಯಮ. ಬ್ರಿಟನ್ನಿನ ಮೋಟಾರು ಕ್ರೀಡೆಯ ಆಡಳಿತ ಸಂಸ್ಥೆಯಾದ ಮೋಟರ್‌ಸ್ಪೋರ್ಟ್ ಯುಕೆ ತನ್ನ ನಿಯಮಪುಸ್ತಕದಲ್ಲಿ, ಎಲ್ಲರ ಬಾಯಲ್ಲೂ ಅದು ‘ಬ್ಲೂ ಬುಕ್’, ಟೈರುಗಳನ್ನು ಪಟ್ಟಿ ಮಾಡಿದೆ. ರಸ್ತೆ ಕಾರುಗಳ ವರ್ಗಗಳಲ್ಲಿ ಹೆಚ್ಚಾಗಿ ಕೇಳಿಬರುವವು 1ಎ ಮತ್ತು 1ಬಿ ಎಂಬ ಪಟ್ಟಿಗಳು. ಮೊದಲನೆಯದರಲ್ಲಿ ದಿನಬಳಕೆಗೆ ಹತ್ತಿರವಾದ ಟೈರುಗಳಿದ್ದರೆ, ಎರಡನೆಯದರಲ್ಲಿ ರಸ್ತೆಗೆ ಅನುಮತಿ ಇದ್ದೂ, ಹೊರಮೈಯಲ್ಲಿ ಗೀರುಗಳೇ ಇಲ್ಲದ ಸ್ಲಿಕ್ ಎಂಬ ರೇಸ್ ಟೈರಿನ ಸಮೀಪಕ್ಕೆ ಬರುವಂಥವು ಇವೆ. ಸ್ಪರ್ಧಿಯ ವರ್ಗಕ್ಕೆ ಯಾವ ಪಟ್ಟಿ ಅನ್ವಯಿಸುತ್ತದೆ ಎಂಬುದನ್ನು ಆಯಾ ಸ್ಪರ್ಧೆಯ ಅಥವಾ ಸರಣಿಯ ನಿಯಮಗಳಲ್ಲಿ ಓದಿಕೊಳ್ಳಬೇಕು. ಹೋದ ವರ್ಷ ಗೆಳೆಯ ಹಾಕಿಸಿದ್ದನೆಂಬುದು ತಪಾಸಣೆಯ ಅಧಿಕಾರಿಯ ಮುಂದೆ ನಡೆಯುವ ಮಾತಲ್ಲ. ಆದ್ದರಿಂದ ನಾನು ಆ ವರ್ಷದ ನಿಯಮದ ಪುಟವನ್ನು ಗ್ರಾಹಕರಿಂದಲೇ ತರಿಸಿ ನೋಡಿದ ಮೇಲಷ್ಟೇ ಬೆಲೆ ಹೇಳುತ್ತೇನೆ. ಅನಂತರ ಟೈರಿನ ಪಕ್ಕದ ಗೋಡೆಯ ಮೇಲೆ ರಸ್ತೆ ಬಳಕೆಗೆ ಅನುಮತಿ ಸೂಚಿಸುವ, ವೃತ್ತದೊಳಗಿನ ‘ಇ’ ಗುರುತು ಇದೆಯೇ, ಭಾರದ ಸೂಚ್ಯಂಕ ಮತ್ತು ವೇಗದ ಅಕ್ಷರ ಕಾರಿಗೆ ಸಾಕಾಗುತ್ತವೆಯೇ ಎಂದು ನೋಡಬೇಕು. 82 ಎಂದಿದ್ದರೆ ಒಂದು ಟೈರು ಹೊರಬಲ್ಲ ಭಾರ 475 ಕಿಲೊ; ವಿ ಎಂದಿದ್ದರೆ ವೇಗದ ಮಿತಿ ಗಂಟೆಗೆ 240 ಕಿ.ಮೀ. ಇಲ್ಲಿನ ರಸ್ತೆ ಕಾನೂನಿನ ಪ್ರಕಾರ ಟೈರಿನ ಅಗಲದ ನಡುವಿನ ಮುಕ್ಕಾಲು ಭಾಗದಲ್ಲಿ, ಸುತ್ತಲೂ, ಟ್ರೆಡ್, ಅಂದರೆ ಹೊರಮೈಯ ಗೀರುಗಳು, ಕನಿಷ್ಠ 1.6 ಮಿ.ಮೀ. ಆಳ ಇರಲೇಬೇಕು. ಸ್ಪರ್ಧೆಯ ಟೈರು ಹೊಸದಿದ್ದಾಗಲೇ ಮಾಮೂಲಿ ಟೈರಿಗಿಂತ ಕಡಿಮೆ ಆಳದ್ದಾದ್ದರಿಂದ ಈ ಮಿತಿ ಬಹುಬೇಗ ಹತ್ತಿರವಾಗುತ್ತದೆ.

ನಿಯಮದ ಗಡಿಯೊಳಗೆ ಬಂದ ಮೇಲೆ ಮುಖ್ಯವಾಗುವುದು ರಬ್ಬರಿನ ಜಾತಿ, ಮತ್ತು ಇಲ್ಲೇ ಹೆಚ್ಚು ಗೊಂದಲವಾಗುವುದು. ಗ್ರಾಹಕರು ಯೊಕೊಹಾಮಾ ಎ048, ಟೊಯೊ ಆರ್888ಆರ್, ನ್ಯಾನ್‌ಕ್ಯಾಂಗ್ ಎಆರ್-1 ಎಂದು ಹೆಸರು ಹಿಡಿದು ಕೇಳುತ್ತಾರೆ. ಆದರೆ ಹೆಸರೊಂದೇ ಆಗಿದ್ದು ಒಳಗಿನ ರಬ್ಬರು ಬೇರೆಯಾಗಿರಬಹುದು. ಉದಾಹರಣೆಗೆ, ನ್ಯಾನ್‌ಕ್ಯಾಂಗ್ ಎನ್‌ಎಸ್-2ಆರ್ ಟೈರು ಟ್ರೆಡ್‌ವೇರ್ (ಸವೆತದ ಅಂಕಿ; ಕಡಿಮೆಯಿದ್ದಷ್ಟೂ ಬೇಗ ಸವೆಯುವ ರಬ್ಬರು) 120 ಮತ್ತು 180 ಎಂಬ ಎರಡು ಬಗೆಯಲ್ಲಿ ಮಾರಾಟವಾಗಿದೆ. ದೂರದಿಂದ ನೋಡಿದರೆ ಎರಡೂ ಒಂದೇ. ಬೆಟ್ಟಕ್ಕೆ ಹೋಗುವವರು ಕೊಳ್ಳುವ ಮುನ್ನ ಆ ಅಂಕಿಯನ್ನು ಖಚಿತಪಡಿಸಿಕೊಳ್ಳಬೇಕು. ಹಾಗೆಂದು ಅದನ್ನೇ ದೇವರ ಮಾತೆಂದು ನಂಬುವಂತೆಯೂ ಇಲ್ಲ. ಅಮೆರಿಕದ ಪದ್ಧತಿಯಿಂದ ಬಂದಿರುವ ಈ ಅಂಕಿಯನ್ನು ಟೆಕ್ಸಸ್‌ನ ರಸ್ತೆಗಳಲ್ಲಿ 7,200 ಮೈಲಿ ಓಡಿಸಿ, 100 ಅಂಕದ ಮಾದರಿ ಟೈರಿನ ಸವೆತದೊಂದಿಗೆ ಹೋಲಿಸಿ ಕೊಡುವುದು ಕ್ರಮ. ಅಂಕ ಘೋಷಿಸುವವರು ಆಯಾ ತಯಾರಕರೇ. ಅದು ಹೇಳುವುದು ಸವೆತವನ್ನು. ಯಾವ ಉಷ್ಣತೆಯಲ್ಲಿ ಹಿಡಿತ ಬರುತ್ತದೆಂಬುದನ್ನಲ್ಲ. ಒಂದೇ ಕಂಪನಿಯ ಎರಡು ಟೈರುಗಳನ್ನು ಹೋಲಿಸಲು ಅದು ಉಪಯುಕ್ತ, ಬೇರೆ ಬೇರೆ ಕಂಪನಿಗಳ ನಡುವೆ ಅಷ್ಟಾಗಿ ಅಲ್ಲ. ತಯಾರಕರು ಮೆದು ಮತ್ತು ಮಧ್ಯಮ ಎಂಬ ಎರಡು ಆಯ್ಕೆ ಕೊಟ್ಟಿದ್ದರೆ ಬೆಟ್ಟಕ್ಕೆ ಮೆದುವನ್ನೇ ಕೊಳ್ಳುವುದು ಸರಿ. ಬೇಗ ಸವೆದೀತೆಂಬ ಭಯ ಇಲ್ಲಿ ಬಹುಮಟ್ಟಿಗೆ ಆಧಾರವಿಲ್ಲದ್ದು, ಏಕೆಂದರೆ ಇಡೀ ದಿನದ ಸ್ಪರ್ಧೆಯ ಓಟಗಳನ್ನೆಲ್ಲ ಕೂಡಿಸಿದರೂ ಕೆಲವೇ ಕಿಲೊಮೀಟರ್ ಆಗುತ್ತದೆ. ಸವೆಸುವುದು ಸ್ಪರ್ಧೆಯಲ್ಲ, ಸ್ಪರ್ಧೆಯ ಜಾಗಕ್ಕೆ ಹೋಗಿಬರುವ ಹೆದ್ದಾರಿ.

ಈ ತೀರ್ಮಾನವನ್ನು ಅಂದಾಜಿನ ಮೇಲೆ ಬಿಡಬೇಕಾಗಿಲ್ಲ. ಇಲ್ಲಿನ ಸ್ಪರ್ಧೆಗಳಲ್ಲಿ ಹೊರಟ ಗೆರೆಯಿಂದ 64 ಅಡಿ, ಸುಮಾರು ಇಪ್ಪತ್ತು ಮೀಟರ್, ದಾಟಲು ಹಿಡಿದ ಸಮಯವನ್ನು ಬೇರೆಯಾಗಿ ದಾಖಲಿಸುವ ರೂಢಿಯಿದೆ. ಹಸಿರು ದೀಪ ಹತ್ತಿದ ಕ್ಷಣದಿಂದ ಗಡಿಯಾರ ಓಡುವುದಿಲ್ಲ. ಕಾರು ಹೊರಟು, ಗೆರೆಯಲ್ಲಿನ ಬೆಳಕಿನ ಕಿರಣವನ್ನು ಕತ್ತರಿಸಿದಾಗಲೇ ಓಡುತ್ತದೆ. ಹೀಗಾಗಿ ಚಾಲಕನ ಪ್ರತಿಕ್ರಿಯೆಯ ವೇಗ ಆ ಅಂಕಿಯಲ್ಲಿ ಸೇರಿಲ್ಲ, ಬಹುಮಟ್ಟಿಗೆ ಟೈರು ಮತ್ತು ಕ್ಲಚ್ಚಿನ ಕಥೆಯಷ್ಟೇ ಇದೆ. ಟೈರು ಬದಲಿಸಬೇಕೆಂದು ಬಂದವರಿಂದ ನಾನು ಕೇಳುವುದು ಕಳೆದ ಋತುವಿನ ಫಲಿತಾಂಶದ ಹಾಳೆಗಳನ್ನು. ಬೆಳಗಿನ ಅಭ್ಯಾಸದ ಓಟದಲ್ಲಿ 64 ಅಡಿಯ ಸಮಯ ತೀರಾ ಕೆಟ್ಟದಾಗಿದ್ದು, ಬಿಸಿಲೇರಿದ ಮಧ್ಯಾಹ್ನ ಗಣನೀಯವಾಗಿ ಸುಧಾರಿಸಿದ್ದರೆ ರಸ್ತೆ ಒಣಗಿದ್ದೂ ಅದಕ್ಕೆ ಕಾರಣವಿರಬಹುದು. ಆದರೆ ಒಣಗಿದ್ದ ದಿನಗಳಲ್ಲೂ ಅದೇ ವ್ಯತ್ಯಾಸ ಮರುಕಳಿಸಿದರೆ ಆ ರಬ್ಬರು ಈ ಕೆಲಸಕ್ಕೆ ಗಡುಸಾಯಿತೆಂದೇ ಅರ್ಥ. ಬೆಳಗ್ಗೆಯೂ ಮಧ್ಯಾಹ್ನವೂ ಒಂದೇ ಸಮಯ ಬರುತ್ತಿದ್ದು, ಒಟ್ಟು ಸಮಯ ಮಾತ್ರ ಪ್ರತಿಸ್ಪರ್ಧಿಗಳಿಗಿಂತ ಹಿಂದಿದ್ದರೆ ಹಣವನ್ನು ಟೈರಿಗೆ ಸುರಿಯುವ ಬದಲು ಚಾಲನೆಯ ತರಬೇತಿಗೆ ಹಾಕಿರೆಂದು ಹೇಳುತ್ತೇನೆ. ನಮ್ಮ ಮಾಲೀಕರಿಗೆ ಈ ಸಲಹೆ ಅಷ್ಟೇನೂ ಹಿಡಿಸುವುದಿಲ್ಲ.

ಅಗಲದ ಮೋಹ ಇನ್ನೊಂದು. ಅಗಲ ಹೆಚ್ಚಿದಷ್ಟೂ ಹಿಡಿತ ಹೆಚ್ಚುತ್ತದೆಂಬುದು ಟೈರು ಬಿಸಿಯಾದಾಗ ಸ್ವಲ್ಪಮಟ್ಟಿಗೆ ನಿಜ. ಆದರೆ ಹಗುರವಾದ ಕಾರಿಗೆ ಅಗಲದ ಟೈರು ಹಾಕಿದರೆ ಬೆಚ್ಚಗಾಗಬೇಕಾದ ರಬ್ಬರು ಹೆಚ್ಚುತ್ತದೆಯೇ ಹೊರತು ಅದನ್ನು ಬೆಚ್ಚಗಾಗಿಸುವ ಭಾರ ಹೆಚ್ಚುವುದಿಲ್ಲ. ಜೊತೆಗೆ ಗೇರಿನ ಲೆಕ್ಕವೂ ಇದೆ. ಮಜ್ದಾ ಎಂಎಕ್ಸ್-5 ಕಾರಿನ ಹಳೆಯ ಮಾದರಿಗಳವರು 195/50 ಆರ್15 ಮತ್ತು 205/50 ಆರ್15 ಎಂಬ ಅಳತೆಗಳ (ಮೊದಲ ಅಂಕಿ ಮಿ.ಮೀ.ನಲ್ಲಿ ಅಗಲ) ನಡುವೆ ತೂಗಾಡುತ್ತಾರೆ. ಮೊದಲನೆಯದರ ಹೊರವ್ಯಾಸ 576 ಮಿ.ಮೀ., ಎರಡನೆಯದರದ್ದು 586 ಮಿ.ಮೀ. ಚಿಕ್ಕ ಗಾಲಿ ಗೇರನ್ನು ಶೇಕಡಾ ಎರಡಕ್ಕೆ ಸಮೀಪ ಗಿಡ್ಡ ಮಾಡುತ್ತದೆ: ಹೊರಡುವಾಗ ಎಳೆತ ಹೆಚ್ಚು, ಆದರೆ ಅಂತಿಮ ಗೆರೆಗೆ ಕೆಲವೇ ಮೀಟರ್ ಇರುವಾಗ ಇನ್ನೊಂದು ಗೇರು ಹಾಕಬೇಕಾದ ಅಪಾಯವೂ ಹೆಚ್ಚು. ಇದಕ್ಕೆ ಒಂದೇ ಉತ್ತರವಿಲ್ಲ; ಸ್ಪರ್ಧಿ ಹೆಚ್ಚಾಗಿ ಓಡಿಸುವ ಬೆಟ್ಟದಲ್ಲಿ ಎಂಜಿನ್ ಯಾವ ವೇಗದಲ್ಲಿ ಗೆರೆ ದಾಟುತ್ತದೆಂಬುದನ್ನು ನೋಡಿ ನಿರ್ಧರಿಸಬೇಕು.

ಗಾಳಿಯ ಒತ್ತಡದ ವಿಷಯದಲ್ಲಿ ಟ್ರ್ಯಾಕಿನವರ ಅಭ್ಯಾಸವನ್ನು ನಕಲು ಮಾಡಲೇಬಾರದು. ಟೈರಿನೊಳಗಿನ ಗಾಳಿ 10 ಡಿಗ್ರಿ ಬಿಸಿಯಾದರೆ ಒತ್ತಡ ಸುಮಾರು 1.4 ಪಿಎಸ್‌ಐ ಏರುತ್ತದೆ. ಟ್ರ್ಯಾಕಿನವರು ಈ ಏರಿಕೆಯನ್ನು ಲೆಕ್ಕಹಾಕಿ ತಣ್ಣಗಿರುವಾಗ ಕಡಿಮೆ ತುಂಬಿಸುತ್ತಾರೆ. ಬೆಟ್ಟದಲ್ಲಿ ಆ ಏರಿಕೆಯೇ ಇಲ್ಲದ ಕಾರಣ ಕೊನೆಗೆ ಬೇಕಾದ ಒತ್ತಡವನ್ನೇ ಆರಂಭದಲ್ಲಿ ತುಂಬಿಸಬೇಕು. ಸಾಲಿನಲ್ಲಿ ನಿಂತಾಗ ಕಾರಿನ ಒಂದೇ ಬದಿಗೆ ಬಿಸಿಲು ಬೀಳುತ್ತಿದ್ದರೆ ಎಡಬಲದ ಟೈರುಗಳ ನಡುವೆ ಅದಷ್ಟರಿಂದಲೇ ವ್ಯತ್ಯಾಸ ಬರುತ್ತದೆ. ಹೊರಡುವ ಮುನ್ನ ಅಳೆದು ಸರಿಮಾಡಿಕೊಳ್ಳುವವರು ಕಡಿಮೆ.

ಮುಂಗಾಲಿ ಎಳೆತದ ಚಿಕ್ಕ ಕಾರುಗಳವರಿಗೆ ಪ್ರತ್ಯೇಕವಾಗಿ ಹೇಳಬೇಕಾದ್ದೊಂದಿದೆ. ಇವುಗಳಲ್ಲಿ ಮುಂದಿನ ಟೈರುಗಳೇ ಎಳೆದು, ತಿರುಗಿಸಿ, ಹೆಚ್ಚಿನ ಬ್ರೇಕಿನ ಭಾರವನ್ನೂ ಹೊರುತ್ತವೆ. ಹಿಂದಿನವು ಓಟ ಮುಗಿದರೂ ಮುಟ್ಟಲು ತಣ್ಣಗೇ ಇರುತ್ತವೆ. ಹೊಸ ಮೆದು ಟೈರನ್ನು ಮುಂದಕ್ಕೆ ಹಾಕಿಸಿ, ವರ್ಷಗಳ ಹಿಂದಿನ ಗಡುಸಾದ ಜೋಡಿಯನ್ನು ಹಿಂದೆ ಉಳಿಸಿಕೊಳ್ಳುವುದು ದುಡ್ಡು ಉಳಿಸುವ ಉಪಾಯವೆಂದು ಕಾಣಬಹುದು. ಆದರೆ ಬೆಳಗಿನ ಮೊದಲ ಓಟದಲ್ಲಿ, ಕಾರಿನ ಹಿಂಭಾಗವೇ ಮುಂದಕ್ಕೆ ಸುತ್ತಿ ಬರುವುದಕ್ಕೆ ಇದಕ್ಕಿಂತ ಸುಲಭವಾದ ದಾರಿ ಇನ್ನೊಂದಿಲ್ಲ, ಮತ್ತು ಬೆಟ್ಟದ ಹಾದಿಯ ಪಕ್ಕದಲ್ಲಿ ಇರುವುದು ಜಲ್ಲಿಯ ಬಯಲಲ್ಲ, ಮಣ್ಣಿನ ದಿಬ್ಬ ಮತ್ತು ಮರ. ಈ ಜೋಡಣೆಯನ್ನು ಕೇಳಿದವರಿಗೆ ನಾನು ನಾಲ್ಕನ್ನೂ ಒಟ್ಟಿಗೆ ಕೊಳ್ಳಿ, ಇಲ್ಲವೇ ಇನ್ನೂ ಸ್ವಲ್ಪ ಕಾಯಿರಿ ಎನ್ನುತ್ತೇನೆ.

ಟ್ರ್ಯಾಕ್ ರೇಸಿನವರು ಬಳಸಿ ಬಿಟ್ಟ ಟೈರುಗಳು ಅಗ್ಗವಾಗಿ ಸಿಗುತ್ತವೆ, ಟ್ರೆಡ್ ಕೂಡ ಉಳಿದಿರುತ್ತದೆ. ಆದರೂ ಅವುಗಳನ್ನು ಬೆಟ್ಟಕ್ಕೆ ಶಿಫಾರಸು ಮಾಡಲಾರೆ. ಪದೇ ಪದೇ ಕಾದು ತಣಿದ ರಬ್ಬರು ಗಡುಸಾಗುತ್ತಾ ಹೋಗುತ್ತದೆ. ಅದನ್ನು ಮತ್ತೆ ಬಿಸಿಮಾಡಿ ದುಡಿಸಬಲ್ಲ ಟ್ರ್ಯಾಕಿನವನಿಗೇ ಸಾಕಾದದ್ದು, ಬಿಸಿಯೇ ಸಿಗದ ಬೆಟ್ಟದಲ್ಲಿ ಯಾವ ಉಪಯೋಗಕ್ಕೂ ಬಾರದು. ಬೆಟ್ಟದವರ ಟೈರು ಸಾಯುವುದೇ ಬೇರೆ ರೀತಿಯಲ್ಲಿ, ವಯಸ್ಸಿನಿಂದ. ಟ್ರೆಡ್ ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೂ ನಾಲ್ಕೈದು ಋತುಗಳಾಗುವಷ್ಟರಲ್ಲಿ ರಬ್ಬರಿನ ಜೀವ ಹೋಗಿರುತ್ತದೆ. ರಬ್ಬರಿನ ಗಡಸುತನ ಅಳೆಯುವ ಶೋರ್ ಎ ಮಾಪಕವನ್ನು ಒತ್ತಿ ನೋಡಿದರೆ ಅದು ಅಂಕಿಯಲ್ಲೇ ತಿಳಿಯುತ್ತದೆ. ಟೈರು ಹೊಸದಿದ್ದಾಗಲೇ ಒಮ್ಮೆ ಅಳೆದು, ಅದೇ ಉಷ್ಣತೆಯಲ್ಲಿ ಪ್ರತಿ ಋತುವಿನ ಆರಂಭದಲ್ಲಿ ಮತ್ತೆ ಅಳೆದು ಬರೆದಿಟ್ಟುಕೊಂಡರೆ ಬದಲಿಸುವ ಕಾಲ ಯಾವುದೆಂದು ಊಹಿಸಬೇಕಾಗುವುದಿಲ್ಲ.

ಸ್ಪ್ರಿಂಟ್‌ಗಳಿಗೆ ಈ ಎಲ್ಲವೂ ಯಥಾವತ್ತಾಗಿ ಅನ್ವಯಿಸುವುದಿಲ್ಲ. ಸ್ಟಾಫರ್ಡ್‌ಶೈರ್‌ನ ಕರ್ಬರೊದಂಥ ಚಿಕ್ಕ ಹಾದಿಯಲ್ಲಿ ಬೆಟ್ಟದ ಲೆಕ್ಕವೇ ನಡೆಯುತ್ತದೆ. 3.8 ಕಿ.ಮೀ. ಉದ್ದದ ಗುಡ್‌ವುಡ್‌ನಂಥ ಪೂರ್ಣ ಟ್ರ್ಯಾಕಿನಲ್ಲಿ ಓಡುವಾಗ, ಅದರಲ್ಲೂ ಬೇಸಿಗೆಯಲ್ಲಿ ಮತ್ತು ಭಾರದ ಕಾರಿನಲ್ಲಿ, ತೀರಾ ಮೆದು ರಬ್ಬರು ಕೊನೆಯ ತಿರುವುಗಳಲ್ಲಿ ಸೋತು ಹೊರಳತೊಡಗುತ್ತದೆ. ಎರಡನ್ನೂ ಬೆರೆಸಿ ಓಡುವವರು ತಮ್ಮ ಅಂಕಗಳು ಹೆಚ್ಚಾಗಿ ಎಲ್ಲಿಂದ ಬರುತ್ತವೆಂದು ನೋಡಿ ಆರಿಸಿಕೊಳ್ಳಬೇಕು.

ಕೊಳ್ಳುವ ಕಾಲದ ಬಗ್ಗೆಯೂ ಒಂದು ಮಾತು. ಇಂಗ್ಲೆಂಡಿನದೇ ಆದ ಮೆಲ್ಕ್‌ಶಮ್‌ನ ಏವನ್ ಟೈರು ಕಾರ್ಖಾನೆ 2023ರ ಕೊನೆಗೆ ಮುಚ್ಚಿದ ಮೇಲೆ, ಹದಿಮೂರು ಹದಿನಾಲ್ಕು ಇಂಚಿನ ಗಾಲಿಯ ಹಳೆಯ ಕಾರುಗಳಿಗೆ ಸರಿಹೊಂದುವ ಟೈರು ಹುಡುಕುವಾಗ ಮೊದಲಿಗಿಂತ ಮುಂಚಿತವಾಗಿ ವಿಚಾರಿಸಿಕೊಳ್ಳಿ ಎನ್ನುತ್ತೇನೆ. ಫೆಬ್ರವರಿಯಲ್ಲೇ ಆರ್ಡರ್ ಕೊಡುವುದು ಒಳ್ಳೆಯದು, ಮತ್ತು ಪಕ್ಕದ ಗೋಡೆಯ ಮೇಲಿನ ನಾಲ್ಕಂಕಿಯ ತಯಾರಿಕೆಯ ಗುರುತನ್ನು ಕೊಳ್ಳುವ ಮುನ್ನವೇ ಕೇಳಬೇಕು. 2324 ಎಂದಿದ್ದರೆ 2024ರ 23ನೆಯ ವಾರದ ಟೈರು. ಬಂದ ಟೈರನ್ನು ಹೆಪ್ಪುಗಟ್ಟುವ ಚಳಿಯ ಶೆಡ್ಡಿನಲ್ಲಿ ಇಡಬಾರದು, ಏಕೆಂದರೆ ಇಂಥ ರಬ್ಬರು ತೀರಾ ತಣ್ಣಗಿರುವಾಗ ಬಗ್ಗಿದರೆ ಸೀಳು ಬಿಡಬಹುದು. ಅಂಥ ಬೆಳಗಿನಲ್ಲಿ ಯಾರಾದರೂ ಟೈರು ತಂದರೆ ನಾವೂ ಕೂಡಲೇ ರಿಮ್ಮಿಗೆ ಏರಿಸುವುದಿಲ್ಲ. ಮಧ್ಯಾಹ್ನದವರೆಗೆ ಬೆಚ್ಚನೆಯ ಕೋಣೆಯಲ್ಲಿಟ್ಟು ಆಮೇಲೆ ಕೈಹಾಕುತ್ತೇವೆ.